ಸುರಪುರದ ಬಂಗಾರ, ರೋಮಿನ ಕತ್ತಲು

ಶಹಾಪುರ ಹತ್ತಿರವಾಗುತ್ತಿದ್ದಂತೆ ಬಸ್ಸಿನ ಕಿಟಕಿಯಿಂದ ಗುಡ್ಡಗಳ ಸಾಲೊಂದು ಕಾಣುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಅವು ಬರಿಯ ಬಂಡೆಗಳು. ಒಂದು ನಿಶ್ಚಿತ ದೂರದಿಂದ ನೋಡಿದರೆ ಹಣೆ, ಮೂಗು, ಗದ್ದ, ಎದೆ ಎಲ್ಲವೂ ಕೂಡಿಕೊಂಡು ಮುಗಿಲಿಗೆ ಮುಖಮಾಡಿ ಮಲಗಿದ ಮನುಷ್ಯಾಕೃತಿ ಮೂಡುತ್ತದೆ. ಜನ ಇದನ್ನು ‘ಮಲಗಿದ ಬುದ್ಧ’ ಎನ್ನುತ್ತಾರೆ. ಯಾವ ಶಿಲ್ಪಿಯೂ ಉಳಿ ಮುಟ್ಟಿಸದ ಈ ಕಲ್ಲುಗಳಲ್ಲಿ ಒಬ್ಬ ಮಹಾಪುರುಷನನ್ನು ಕಂಡದ್ದು ನೋಡುವವರ ಕಣ್ಣು.

ಬಂಡೆಯಲ್ಲಿ ಸಂತನನ್ನು ಕಾಣುವುದಕ್ಕಿಂತ, ಸಂತನೊಬ್ಬ ಭಕ್ತಿಯಲ್ಲಿ ಮುಳುಗಿರುವುದನ್ನು ಚಿತ್ರದಲ್ಲಿ ಕಾಣಿಸುವುದು ಕಷ್ಟ. ದೇವರನ್ನು ಬರೆಯಲು ಶಾಸ್ತ್ರದ ಆಧಾರವುಂಟು. ಎಷ್ಟು ಕೈ, ಯಾವ ಕೈಯಲ್ಲಿ ಶಂಖ, ಯಾವುದರಲ್ಲಿ ಚಕ್ರ, ಮೈಬಣ್ಣ ಯಾವುದು ಎಂಬುದೆಲ್ಲ ಧ್ಯಾನಶ್ಲೋಕಗಳಲ್ಲಿಯೇ ಇದೆ. ಭಕ್ತನ ಸಂಗತಿ ಹಾಗಲ್ಲ. ಅವನು ಎಲ್ಲರಂತೆ ಎರಡು ಕೈ, ಎರಡು ಕಣ್ಣಿನ ಮನುಷ್ಯ. ಅವನನ್ನು ಬೇರೆಯವರಿಂದ ಬೇರೆ ಮಾಡುವ ಭಕ್ತಿ ಇರುವುದು ಒಳಗೆ. ಒಳಗಿನದನ್ನು ಹೊರಗೆ ಬರೆಯುವುದು ಹೇಗೆ?

ಸುರಪುರದ ನಾಯಕ ಅರಸರ ಆಶ್ರಯದಲ್ಲಿದ್ದ ಚಿತ್ರಕಾರರು ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟರು. ಅವರಿಗಿಂತ ತುಸು ಮೊದಲು ರೋಮ್ ಮತ್ತು ಸೆವಿಲ್ ನಗರಗಳ ಚಿತ್ರಕಾರರು ಇದೇ ಪ್ರಶ್ನೆಗೆ ಬೇರೊಂದು ಉತ್ತರ ಕೊಟ್ಟಿದ್ದರು. ಒಬ್ಬರು ಬಂಗಾರವನ್ನು ನಂಬಿದರು, ಇನ್ನೊಬ್ಬರು ಕತ್ತಲನ್ನು. ಈ ಎರಡು ದಾರಿಗಳು ಕೃಷ್ಣಾ ತೀರದ ನಾಡಿನಲ್ಲಿ ಪರಸ್ಪರ ಎದುರಾದದ್ದೂ ಉಂಟು.

ಸೊಟ್ಟ ಮುತ್ತಿನ ಕಾಲ

ಯುರೋಪಿನಲ್ಲಿ ಸುಮಾರು 1600ರಿಂದ ಮುಂದಿನ ನೂರೈವತ್ತು ವರ್ಷಗಳ ಕಲೆಯನ್ನು ‘ಬರೋಕ್’ ಎಂದು ಕರೆಯುವುದು ವಾಡಿಕೆ. ದುಂಡಗಿಲ್ಲದ, ಸೊಟ್ಟ ಮುತ್ತಿಗೆ ಪೋರ್ಚುಗೀಸರು ಹೇಳುತ್ತಿದ್ದ ಮಾತಿನಿಂದ ಈ ಹೆಸರು ಬಂದಿತೆಂದು ಹೆಚ್ಚಿನವರು ಹೇಳುತ್ತಾರೆ. ಮೊದಮೊದಲು ಇದು ಮೂದಲಿಕೆಯೇ ಆಗಿತ್ತು. ಅಳತೆ ಮೀರಿದ, ಅಬ್ಬರದ ಕಲೆ ಎಂಬ ಅರ್ಥ ಅದಕ್ಕಿತ್ತು.

ಈ ಅಬ್ಬರದ ಹಿಂದೆ ಒಂದು ದೊಡ್ಡ ಜಗಳವಿತ್ತು. ಹದಿನಾರನೆಯ ಶತಮಾನದಲ್ಲಿ ರೋಮಿನ ಚರ್ಚಿನಿಂದ ಸಿಡಿದು ಹೊರಬಂದ ಪ್ರಾಟೆಸ್ಟಂಟರಲ್ಲಿ ಹಲವರು ಸಂತರ ಮೂರ್ತಿಗಳನ್ನೂ ಚಿತ್ರಗಳನ್ನೂ ವಿಗ್ರಹಾರಾಧನೆ ಎಂದು ಹಳಿದರು. 1566ರಲ್ಲಿ ನೆದರ್ಲೆಂಡ್ಸ್ ಸೀಮೆಯಲ್ಲಿ ಜನ ಚರ್ಚುಗಳಿಗೆ ನುಗ್ಗಿ ಮೂರ್ತಿಗಳನ್ನು ಒಡೆದರು. ಕೆಥೋಲಿಕ್ ಧರ್ಮಗುರುಗಳು ಟ್ರೆಂಟ್ ಎಂಬಲ್ಲಿ ನಡೆಸಿದ ಮಹಾಸಭೆ 1563ರ ಡಿಸೆಂಬರಿನಲ್ಲಿ ಇದಕ್ಕೆ ಉತ್ತರವನ್ನು ಮೊದಲೇ ಹೇಳಿತ್ತು: ಚಿತ್ರದಲ್ಲಿ ದೈವತ್ವವಿಲ್ಲ, ನಿಜ, ಆದರೆ ಓದುಬಾರದವನಿಗೆ ಅದು ಧರ್ಮವನ್ನು ತಿಳಿಸುತ್ತದೆ, ಅವನನ್ನು ಸಂತರಂತೆ ಬಾಳಲು ಪ್ರೇರಿಸುತ್ತದೆ. ಹಾಗಾಗಿ ಚಿತ್ರಗಳು ಇರಲಿ, ಆದರೆ ಮನ ಕಲಕುವಂತಿರಲಿ ಎಂಬುದು ಮುಂದಿನ ಚಿತ್ರಕಾರರು ಹಿಡಿದ ಅರ್ಥ.

ಇಟಲಿಯ ಕಾರವಾಜ್ಜೊ (1571–1610) ಇದಕ್ಕೆ ಕತ್ತಲೆಯನ್ನು ಬಳಸಿಕೊಂಡ. ಅವನ ಚಿತ್ರಗಳಲ್ಲಿ ಹಿನ್ನೆಲೆ ಕಪ್ಪು. ಎಲ್ಲೋ ಒಂದು ಮಗ್ಗುಲಿನಿಂದ ಬಿದ್ದ ಬೆಳಕು ಹಣೆ, ಭುಜ, ಅಂಗೈಯಷ್ಟನ್ನೇ ಹಿಡಿದು ತೋರಿಸುತ್ತದೆ. ಉಳಿದದ್ದು ನೋಡುವವನ ಊಹೆಗೆ ಬಿಟ್ಟದ್ದು. ಸ್ಪೇನಿನ ಜುರ್ಬರಾನ್ (1598–1664) ಈ ದಾರಿಯಲ್ಲಿ ಇನ್ನೂ ಮುಂದೆ ಹೋದ. ಅವನು ಬರೆದ ಸಂತ ಫ್ರಾನ್ಸಿಸನ ಚಿತ್ರವೊಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ತೇಪೆ ಹಾಕಿದ ನಿಲುವಂಗಿಯ ಸನ್ಯಾಸಿ ಮೊಣಕಾಲೂರಿ ಕುಳಿತಿದ್ದಾನೆ. ಎದೆಗವಚಿ ಹಿಡಿದದ್ದು ಒಂದು ತಲೆಬುರುಡೆ. ಮುಖದ ಮೇಲೆ ಕುಲಾವಿಯ ನೆರಳು ಬಿದ್ದು ಕಣ್ಣು ಕಾಣುವುದಿಲ್ಲ. ತೆರೆದ ಬಾಯಿ, ಮೂಗಿನ ತುದಿ ಮಾತ್ರ ಬೆಳಕಿನಲ್ಲಿವೆ. ದೇವರು ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಆದರೂ ಆ ಮನುಷ್ಯ ಯಾರೊಂದಿಗೋ ಮಾತನಾಡುತ್ತಿದ್ದಾನೆ ಎಂಬುದರಲ್ಲಿ ನೋಡುವವನಿಗೆ ಅನುಮಾನ ಉಳಿಯುವುದಿಲ್ಲ.

ಬರೋಕ್ ಚಿತ್ರಕಾರರ ಹೊಸತನ ಇಲ್ಲಿದೆ. ಸಂತನನ್ನು ದೇವರ ಪಕ್ಕದ ಪೀಠದಿಂದ ಇಳಿಸಿ ಅವರು ಒಂಟಿ ಕೋಣೆಯಲ್ಲಿ ಕೂರಿಸಿದರು. ಮಾಸಿದ ಬಟ್ಟೆ, ಒಡೆದ ಹಿಮ್ಮಡಿ, ಕಣ್ಣೀರು ಎಲ್ಲವನ್ನೂ ಬರೆದರು. ನೋಡುವವನು ಭಕ್ತನ ನೋವನ್ನು ತನ್ನದೆಂದು ಅನುಭವಿಸಬೇಕು ಎಂಬುದೇ ಅವರ ಗುರಿಯಾಗಿತ್ತು.

ಬಿಜಾಪುರದ ದಾರಿಯಲ್ಲಿ

ಈ ಚಿತ್ರಗಳ ಲೋಕ ಕನ್ನಡ ನಾಡಿಗೆ ತೀರ ದೂರದ್ದಾಗಿರಲಿಲ್ಲ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಕಿತ್ತುಕೊಂಡದ್ದು ಬಿಜಾಪುರದ ಆದಿಲ್‌ಶಾಹಿಗಳಿಂದ. ಆ ಬಳಿಕ ಗೋವೆಯ ಹಡಗುಗಳಲ್ಲಿ ಕುದುರೆ, ಬಂದೂಕುಗಳೊಂದಿಗೆ ಪಾದ್ರಿಗಳೂ ಬಂದರು, ಅವರ ಗಂಟುಗಳಲ್ಲಿ ತಾಮ್ರದ ಹಲಗೆಯಿಂದ ಅಚ್ಚು ಹಾಕಿದ ಸಂತರ ಚಿತ್ರಗಳೂ ಬಂದವು. ರಾಯಚೂರು ದೋಆಬದ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಲ್ಲಿಯೇ ಕ್ರೈಸ್ತರ ನೆಲೆಯೊಂದು ಮೂಡಿತ್ತು. 1580ರಲ್ಲಿ ಜೆಸುಯಿಟ್ ಪಾದ್ರಿಗಳು ಗೋವೆಯಿಂದ ಅಕ್ಬರನ ಆಸ್ಥಾನಕ್ಕೂ ಹೋದರು. ಅಗ್ಗದ, ಹಗುರಾದ, ಮಡಚಿ ಒಯ್ಯಬಹುದಾದ ಈ ಅಚ್ಚುಚಿತ್ರಗಳು ದಖನ್ನಿನ ಮತ್ತು ಮೊಗಲರ ಚಿತ್ರಕಾರರ ಕೈ ಸೇರಿದವು.

ಆಗ ಏನಾಯಿತೆಂಬುದಕ್ಕೆ ಫರ್ರುಖ್ ಬೇಗ್ ಎಂಬ ಚಿತ್ರಕಾರನ ಕತೆ ಒಳ್ಳೆಯ ಉದಾಹರಣೆ. ಇರಾನಿನ ಕಡೆಯಿಂದ ಬಂದು 1585ರಲ್ಲಿ ಅಕ್ಬರನ ಆಶ್ರಯ ಸೇರಿದ ಈತ ನಡುವೆ ಕೆಲವು ವರ್ಷ ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (ಆಳ್ವಿಕೆ 1580–1627) ಬಳಿ ಇದ್ದನೆಂದು ಹಲವು ಕಲಾ ಇತಿಹಾಸಕಾರರು ವಾದಿಸಿದ್ದಾರೆ. ಜಹಾಂಗೀರನ ಕಾಲದಲ್ಲಿ, 1615ರಲ್ಲಿ, ಎಪ್ಪತ್ತರ ಇಳಿವಯಸ್ಸಿನ ಫರ್ರುಖ್ ಬೇಗ್ ಬರೆದ ಒಬ್ಬ ಮುದಿ ಸೂಫಿಯ ಚಿತ್ರ ಇಂದು ದೋಹಾದ ವಸ್ತುಸಂಗ್ರಹಾಲಯದಲ್ಲಿದೆ. ಬಾಗಿದ ಬೆನ್ನಿನ, ತನ್ನೊಳಗೆ ತಾನೇ ಮುಳುಗಿದ ಆ ಮುದುಕನ ಮೂಲ ಮಾತ್ರ ಸೂಫಿಯಲ್ಲ. ಫ್ಲಾಂಡರ್ಸಿನ ಮಾರ್ಟೆನ್ ಡಿ ವೋಸ್ ರಚಿಸಿದ, 1591ರಲ್ಲಿ ಅಚ್ಚಾದ, ಮುಪ್ಪಿನ ದುಃಖವನ್ನು ತೋರಿಸುವ ಒಂದು ಚಿತ್ರ ಅದರ ಮಾದರಿ. ಆ ಮಾದರಿಯ ಹಿಂದೆಯೂ ಓದುಕೋಣೆಯಲ್ಲಿ ಕುಳಿತ ಸಂತ ಜೆರೋಮನ ಹಳೆಯ ಚಿತ್ರಗಳಿವೆ.

ಫರ್ರುಖ್ ಬೇಗ್ ಮಾಡಿದ್ದು ನಕಲಲ್ಲ. ಕುಳಿತ ಭಂಗಿಯನ್ನು ಎರವಲು ಪಡೆದ. ನೆರಳು ಬೆಳಕಿನ ಆಟವನ್ನು ಬಿಟ್ಟುಕೊಟ್ಟು ಅದರ ಜಾಗದಲ್ಲಿ ದಖನ್ನಿನ ಕನಸಿನಂಥ ಬಣ್ಣಗಳನ್ನು ತುಂಬಿದ. ಕ್ರೈಸ್ತ ಯುರೋಪಿನ ಮುದುಕ ಅವನ ಕೈಯಲ್ಲಿ ದರವೇಶಿಯಾದ. ಸಂತರನ್ನು ಹಂಚಿಕೊಳ್ಳುವುದು ಈ ಸೀಮೆಗೆ ಹೊಸದೇನಲ್ಲ. ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ ಕೃಷ್ಣೆಯ ದಂಡೆಯ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಆ ಮೌನೇಶ್ವರ ಹುಟ್ಟಿದ್ದು ಉಳಿ ಸುತ್ತಿಗೆ ಹಿಡಿದು ಬದುಕುವ ವಿಶ್ವಕರ್ಮರ ಮನೆಯಲ್ಲಿ.

ನಾಯಕರ ಆಶ್ರಯ

1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ ಮೇಲೆ ಆದಿಲ್‌ಶಾಹಿ ದರಬಾರು ಚದುರಿತು. ದೊಡ್ಡ ಆಶ್ರಯ ತಪ್ಪಿದಾಗ ಕಲಾವಿದರು ಸಣ್ಣ ಆಶ್ರಯಗಳನ್ನು ಹುಡುಕುವುದು ಸಹಜ. ಗದ್ವಾಲ, ವನಪರ್ತಿ, ಸುರಪುರದಂಥ ಸಂಸ್ಥಾನಗಳಲ್ಲಿ ದಖನ್ನಿನ ಚಿತ್ರಕಲೆ ಮುಂದುವರಿದದ್ದು ಹೀಗೆ.

ಸುರಪುರದ ಅರಸರು ಬೇಡ ನಾಯಕರು, ಗೋಸಲ ವಂಶದವರು. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಆಶ್ರಯದಲ್ಲಿ ಬೆಳೆದ ಈ ಮನೆತನ ಬಿಜಾಪುರ ಬಿದ್ದರೂ ಬಾಗಲಿಲ್ಲ. 1705ರಲ್ಲಿ ಎಂಬತ್ತಾರರ ಔರಂಗಜೇಬ ತಾನೇ ಮುಂದೆ ನಿಂತು ಸುರಪುರದ ಸಮೀಪದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅವನು ಸ್ವತಃ ನಡೆಸಿದ ಕೊನೆಯ ಮುತ್ತಿಗೆ ಅದು. ಕೋಟೆ ಕೈವಶವಾಯಿತು, ಪಿಡ್ಡನಾಯಕ ಮಾತ್ರ ಕೈಗೆ ಸಿಗಲಿಲ್ಲ. ಎರಡು ವರ್ಷಗಳಲ್ಲಿ ಬಾದಶಹ ತೀರಿಕೊಂಡ. ನಾಯಕರ ರಾಜ್ಯ ಉಳಿಯಿತು, ಸುರಪುರದ ಗುಡ್ಡಗಳ ನಡುವಿನ ರಾಜಧಾನಿ ಬೆಳೆಯಿತು.

ಕತ್ತಿ ಬಂದೂಕಿಗೆ ಹೆಸರಾದ ಈ ಮನೆತನ ವೇಣುಗೋಪಾಲಸ್ವಾಮಿಯ ಒಕ್ಕಲು. ಶ್ರೀವೈಷ್ಣವ ಆಚಾರ್ಯರು ಅರಸರಿಗೆ ಗುರುಗಳಾಗಿದ್ದು, ಅವರ ಪೈಕಿ ಸಂಸ್ಕೃತದಲ್ಲಿ ಕೃತಿ ರಚಿಸಿದವರೂ ಇದ್ದರು. ಸುರಪುರದ ಚಿತ್ರಗಳಲ್ಲಿ ಅರಸರ ಭಾವಚಿತ್ರಗಳ ಜತೆಗೆ ಕೃಷ್ಣ, ರಾಮ ಮುಂತಾದ ವೈಷ್ಣವ ವಸ್ತುಗಳು ಹೆಚ್ಚಾಗಿರುವುದು ಈ ಕಾರಣದಿಂದ. ಬಿಜಾಪುರದಿಂದ ಬಂದ ಸೂಕ್ಷ್ಮ ಗೆರೆ, ತಂಜಾವೂರು ಮೈಸೂರುಗಳಲ್ಲಿ ಕಾಣುವಂಥ ಬಂಗಾರದ ಮೋಹ ಇವೆರಡೂ ಸುರಪುರದಲ್ಲಿ ಕೂಡಿಕೊಂಡವು.

ಬಂಗಾರ ಮಾಡುವ ಕೆಲಸ

ಎರಡು ಕಲೆಗಳ ಭೇದ ಚಿತ್ರ ಶುರುವಾಗುವಲ್ಲಿಯೇ ಇದೆ. ಬರೋಕ್ ಚಿತ್ರಕಾರ ಬಿಗಿದ ಬಟ್ಟೆಯ ಮೇಲೆ ಮೊದಲು ಕಂದು ಬಣ್ಣ ಬಳಿಯುತ್ತಾನೆ. ಎಣ್ಣೆಬಣ್ಣ ನಿಧಾನವಾಗಿ ಒಣಗುವುದರಿಂದ ಒಂದರ ಮೇಲೊಂದು ತೆಳು ಪದರ ಹಚ್ಚಿ, ಕತ್ತಲೆಯಿಂದ ಮುಖವನ್ನು ಮೆಲ್ಲಗೆ ಹೊರತೆಗೆಯುತ್ತಾನೆ. ಅವನಿಗೆ ಕತ್ತಲು ಮೊದಲು, ಬೆಳಕು ಆಮೇಲೆ.

ನಮ್ಮ ಕಿರುಚಿತ್ರಗಳ ಕ್ರಮ ಇದಕ್ಕೆ ತದ್ವಿರುದ್ಧ. ಹಲವು ಹಾಳೆಗಳನ್ನು ಅಂಟಿಸಿ ದಪ್ಪ ಮಾಡಿದ ಕಾಗದಕ್ಕೆ ಬಿಳಿ ಬಳಿದು, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಅಳಿಲಿನ ಬಾಲದ ಕೂದಲಿನ ಕುಂಚದಿಂದ ಗೆರೆ ಎಳೆದು, ಕಲ್ಲು ಮಣ್ಣುಗಳಿಂದ ಅರೆದ ಬಣ್ಣವನ್ನು ಗೋಂದಿನಲ್ಲಿ ಕಲಸಿ ತುಂಬುತ್ತಾರೆ. ಬಂಗಾರದ ರೇಕನ್ನು ನುಣ್ಣಗೆ ಅರೆದು ಕುಂಚದಿಂದ ಹಚ್ಚುವುದೂ ಉಂಟು, ರೇಕನ್ನೇ ಅಂಟಿಸುವುದೂ ಉಂಟು. ಕೊನೆಗೆ ಮತ್ತೆ ಕಲ್ಲಿನಿಂದ ತಿಕ್ಕಿದಾಗ ಅದು ಹೊಳೆಯುತ್ತದೆ. ಇಲ್ಲಿ ಬೆಳಕು ಮೊದಲೇ ಇದೆ. ಚಿತ್ರಕಾರ ಅದನ್ನು ಮುಚ್ಚುವುದಿಲ್ಲ.

ಬಂಗಾರ ಬರಿಯ ಶ್ರೀಮಂತಿಕೆಯ ಗುರುತಲ್ಲ. ಬಣ್ಣದಲ್ಲಿ ಬರೆದ ಬೆಳಕು ಎಂದೆಂದಿಗೂ ಅಲ್ಲಿಯೇ ನಿಂತಿರುತ್ತದೆ, ಬಂಗಾರದ್ದು ಹಾಗಲ್ಲ. ದೇವರ ಕೋಣೆಯ ಎಣ್ಣೆದೀಪ ಅಲುಗಿದರೆ ಅದೂ ಅಲುಗುತ್ತದೆ. ನೋಡುವವನು ತಲೆ ಓರೆ ಮಾಡಿದರೆ ಕಿರೀಟ ಒಮ್ಮೆ ಮಿಂಚಿ ಒಮ್ಮೆ ಮಾಸುತ್ತದೆ. ಹೀಗೆ ಬೆಳಕು ಹೊರಗಿನಿಂದ ಬಂದು ಚಿತ್ರಕ್ಕೆ ಜೀವ ಕೊಡುತ್ತದೆ. ಇಂಥ ಚಿತ್ರವನ್ನು ವಸ್ತುಸಂಗ್ರಹಾಲಯದ ವಿದ್ಯುದ್ದೀಪದ ಕೆಳಗೆ ನೋಡಿದರೆ ಅದರ ಅರ್ಧ ಗುಣ ಕಾಣುವುದಿಲ್ಲ.

ಭಕ್ತನನ್ನು ಚಿತ್ರಿಸುವ ರೀತಿಯೂ ಬೇರೆ. ದಕ್ಷಿಣದ ಈ ಬಗೆಯ ಚಿತ್ರಗಳಲ್ಲಿ ದೇವರು ನಡುವೆ, ಎದುರುಮುಖವಾಗಿ, ನೋಡುವವನನ್ನೇ ನೋಡುತ್ತಾನೆ. ಭಕ್ತ ಪಕ್ಕದಲ್ಲಿ ಕೈಮುಗಿದು ಓರೆಯಾಗಿ ನಿಂತಿರುತ್ತಾನೆ. ಅವನು ಗರುಡನಿರಬಹುದು, ಹನುಮಂತನಿರಬಹುದು, ಆಚಾರ್ಯನೋ ಅರಸನೋ ಇರಬಹುದು. ಅಂಜಲಿ ಮಾತ್ರ ಒಂದೇ. ಮುಖದಲ್ಲಿ ಕಣ್ಣೀರಿಲ್ಲ, ಬಿಕ್ಕಿಲ್ಲ. ಜುರ್ಬರಾನನ ಚಿತ್ರದ ಮುಂದೆ ನಿಂತವನು ಸಂತನ ಏಕಾಂತವನ್ನು ಇಣುಕಿ ನೋಡಿದಂತಾಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಗುಡಿಯಲ್ಲಿ ದರ್ಶನಕ್ಕೆ ನಿಂತ ಸಾಲಿನಲ್ಲಿ ಆ ಭಕ್ತ ಒಂದು ಹೆಜ್ಜೆ ಮುಂದಿದ್ದಾನೆ, ನೋಡುವವನು ಅವನ ಹಿಂದೆ ಇದ್ದಾನೆ. ಇಬ್ಬರೂ ನೋಡುತ್ತಿರುವುದು ಒಬ್ಬನನ್ನೇ.

ಈ ಶಾಂತಿಯನ್ನು ಭಾವದ ಕೊರತೆ ಎಂದು ತಿಳಿದ ಯುರೋಪಿಯನ್ನರು ಬಹಳ. ಅದು ಸರಿಯಲ್ಲ. ಬೇಡರ ಕುಲದ ಕಣ್ಣಪ್ಪನನ್ನೇ ತೆಗೆದುಕೊಳ್ಳಬಹುದು. ಹರಿಹರನ ರಗಳೆಯಿಂದ ಹಿಡಿದು 1954ರಲ್ಲಿ ರಾಜ್‌ಕುಮಾರ್ ನಾಯಕರಾಗಿ ಕಾಣಿಸಿಕೊಂಡ ಚಲನಚಿತ್ರದವರೆಗೆ ಅವನ ಕತೆ ಕನ್ನಡಿಗರಿಗೆ ಗೊತ್ತು. ಶಿವನ ಕಣ್ಣಲ್ಲಿ ರಕ್ತ ಬಂದಾಗ ತನ್ನ ಒಂದು ಕಣ್ಣನ್ನು ಕಿತ್ತಿಟ್ಟು, ಇನ್ನೊಂದನ್ನು ಕೀಳುವ ಮುನ್ನ ಗುರುತಿಗಾಗಿ ಲಿಂಗದ ಮೇಲೆ ಕಾಲಿಟ್ಟವನು ಅವನು. ಯಾವ ಬರೋಕ್ ಸಂತನ ಹಿಂಸೆಗೂ ಕಡಿಮೆಯಿಲ್ಲದ ಸಂದರ್ಭ ಇದು. ಆದರೆ ನಮ್ಮ ಶಿಲ್ಪ, ಚಿತ್ರಗಳ ಕಣ್ಣಪ್ಪನ ಮುಖ ಸಾಮಾನ್ಯವಾಗಿ ನೋವಿನಿಂದ ಕಿವಿಚಿಕೊಂಡಿರುವುದಿಲ್ಲ. ಎತ್ತಿದ ಕಾಲು, ಕಣ್ಣಿಗೆ ಹಿಡಿದ ಬಾಣ, ಇವೇ ಎಲ್ಲವನ್ನೂ ಹೇಳುತ್ತವೆ. ಕತೆ ಬಲ್ಲ ಜನಕ್ಕೆ ಭಂಗಿ ಸಾಕಾಗುತ್ತದೆ.

1858ರ ನಂತರ

ಇಂಥ ಕಲೆ ಅರಸೊತ್ತಿಗೆಯ ಅನ್ನದಿಂದ ಬದುಕುವಂಥದು. ಬಂಗಾರ ಕೊಡುವವರು, ಕಾಲ ಕೊಡುವವರು ಇದ್ದರೆ ಮಾತ್ರ ಅದು ಉಂಟು. ಸುರಪುರದಲ್ಲಿ ಆ ಆಸರೆ ಕೆಲವೇ ತಿಂಗಳಲ್ಲಿ ಮುರಿದುಬಿತ್ತು.

ಬಾಲಕ ರಾಜಾ ವೆಂಕಟಪ್ಪ ನಾಯಕರ ಪರವಾಗಿ ಆಡಳಿತ ನೋಡಲು 1841ರಲ್ಲಿ ಬಂದ ಫಿಲಿಪ್ ಮೆಡೋಸ್ ಟೇಲರ್ ಹನ್ನೆರಡು ವರ್ಷ ಸುರಪುರದಲ್ಲಿದ್ದ. ಅವನು ಕಟ್ಟಿಸಿದ ಬಂಗಲೆ ಇಂದಿಗೂ ‘ಟೇಲರ್ ಮಂಜಿಲ್’ ಎಂದು ಹೆಸರಾಗಿದೆ. ಬಾಲಕ ಅರಸರು ತನ್ನನ್ನು ‘ಅಪ್ಪಾ’ ಎನ್ನುತ್ತಿದ್ದುದನ್ನು ಅವನು ತನ್ನ ಆತ್ಮಕತೆಯಲ್ಲಿ ನೆನೆದಿದ್ದಾನೆ. ಟೇಲರ್ ಹೋದ ಐದು ವರ್ಷಕ್ಕೆ, 1858ರ ಫೆಬ್ರುವರಿಯಲ್ಲಿ, ಅದೇ ಅರಸರು ಇಂಗ್ಲಿಷರ ಮೇಲೆ ಯುದ್ಧಕ್ಕೆ ನಿಂತರು. ಸೋತು ಸೆರೆಯಾದ ಅವರು ಅದೇ ವರ್ಷ, ಸೆರೆವಾಸಕ್ಕೆ ಒಯ್ಯುವ ದಾರಿಯಲ್ಲಿ, ಗುಂಡಿಗೆ ಬಲಿಯಾದರು. ತಾವೇ ಹಾರಿಸಿಕೊಂಡ ಗುಂಡು ಎಂದು ಇಂಗ್ಲಿಷರು ಬರೆದಿಟ್ಟರು. ಸಂಶಯ ಇಂದಿಗೂ ಉಳಿದಿದೆ. 1860ರಲ್ಲಿ ಸುರಪುರವನ್ನು ನಿಜಾಮನಿಗೆ ಕಾಣಿಕೆಯಾಗಿ ಒಪ್ಪಿಸಲಾಯಿತು. ಸಂಸ್ಥಾನ ಮುಗಿದ ಮೇಲೆ ಆಸ್ಥಾನದ ಕಲೆ ತನ್ನ ಬಲದಿಂದ ಎಷ್ಟು ದಿನ ನಡೆದೀತು?

ಎರಡನೆಯ ಹೊಡೆತ ಅಚ್ಚಿನ ಯಂತ್ರದಿಂದ ಬಂತು. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಶುರು ಮಾಡಿದ ಮುದ್ರಣಾಲಯ ಬಣ್ಣದ ದೇವರ ಪಟಗಳನ್ನು ಊರೂರಿಗೆ ಕಳುಹಿಸಿತು. ಎಣ್ಣೆಬಣ್ಣ, ಒಂದು ಮಗ್ಗುಲಿನ ಬೆಳಕು, ಮೈಯ ದುಂಡು, ಸೀರೆಯ ನೆರಿಗೆಯ ನೆರಳು ಎಲ್ಲವೂ ಯುರೋಪಿನ ಚಿತ್ರಶಾಲೆಗಳಿಂದ ಕಲಿತದ್ದು. ಹೀಗೆ ರೋಮಿನ ಬೆಳಕು ಲಕ್ಷ್ಮಿ ಸರಸ್ವತಿಯರ ರೂಪದಲ್ಲಿ ಈ ಭಾಗದ ದೇವರ ಕೋಣೆಗಳನ್ನೂ ಸೇರಿತು. ಫರ್ರುಖ್ ಬೇಗನ ಕಾಲದಲ್ಲಿ ಯುರೋಪಿನ ಚಿತ್ರ ಇಲ್ಲಿಗೆ ಬಂದು ಇಲ್ಲಿನದಾಗಿತ್ತು. ಮುನ್ನೂರು ವರ್ಷಗಳ ನಂತರ ಬಂದಾಗ ಅದು ಇಲ್ಲಿನ ಕುಂಚವನ್ನೇ ಮೂಲೆಗೆ ಸರಿಸಿತು.

ಅದೇ ಹೊತ್ತಿಗೆ ಕರ್ನಾಟಕದ ಇನ್ನೊಂದು ತುದಿಯಲ್ಲಿ ಬರೋಕ್ ಸಂಪ್ರದಾಯ ನೇರವಾಗಿಯೇ ಕಾಲಿಟ್ಟಿತು. ಇಟಲಿಯ ಬೆರ್ಗಾಮೊ ಬಳಿಯ ಜೆಸುಯಿಟ್ ಸಹೋದರ ಅಂತೋನಿಯೊ ಮೊಸ್ಕೇನಿ (1854–1905) ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆ, ಚಾವಣಿಗಳನ್ನು 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದ. ಅಲ್ಲಿ ನಡುವೆ ಇರುವುದು ಅಲೋಶಿಯಸ್ ಗೊನ್ಜಾಗನ ಬದುಕು. ಇಟಲಿಯ ಸಂಸ್ಥಾನವೊಂದರ ಹಿರಿಯ ಮಗನಾಗಿ ಹುಟ್ಟಿ, ಪಟ್ಟವನ್ನು ತಮ್ಮನಿಗೆ ಬಿಟ್ಟು, ರೋಮಿನಲ್ಲಿ ಪ್ಲೇಗ್ ಹಿಡಿದವರ ಸೇವೆ ಮಾಡುತ್ತ 1591ರಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೆ ತೀರಿಕೊಂಡ ಯುವಕ ಆತ. ಕರಾವಳಿಯ ಮಳೆ, ತೇವಗಳಿಂದ ಹಾಳಾಗುತ್ತಿದ್ದ ಈ ಚಿತ್ರಗಳಿಗೆ 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ಪರಿಣತರು ಚಿಕಿತ್ಸೆ ಮಾಡಿದರು. ಇಂದು ಮಂಗಳೂರಿಗೆ ಬಂದವರು ಅದನ್ನು ನೋಡದೆ ಹೋಗುವುದು ಅಪರೂಪ.

ಮೊಸ್ಕೇನಿಯ ಹೆಸರು ಗೊತ್ತು, ಹುಟ್ಟಿದ ಊರು ಗೊತ್ತು, ಚಿತ್ರಗಳು ಬರೆದ ಜಾಗದಲ್ಲಿಯೇ ಇವೆ. ಸುರಪುರದ ಭಾಗ್ಯ ಅಂಥದಲ್ಲ. ಗೋಡೆಯ ಮೇಲಿನ ಚಿತ್ರವನ್ನು ಯಾರೂ ಹೊತ್ತೊಯ್ಯಲಾರರು. ಕಾಗದದ ಚಿತ್ರವನ್ನು ಯಾರು ಬೇಕಾದರೂ ಒಯ್ಯಬಹುದು. ಆಶ್ರಯ ತಪ್ಪಿದ ಮೇಲೆ ಅವು ಕೈಯಿಂದ ಕೈಗೆ ದಾಟಿ ಸಂಗ್ರಹಕಾರರನ್ನೂ ದೂರದ ಸಂಗ್ರಹಾಲಯಗಳನ್ನೂ ಸೇರಿವೆ. ಅಲ್ಲಿ ಬಹುಪಾಲು ಚಿತ್ರಗಳ ಕೆಳಗೆ ಇರುವುದು ‘ಶೋರಾಪುರ’ ಅಥವಾ ಬರಿಯ ‘ದಖನ್’ ಎಂಬ ಚೀಟಿ. ಬರೆದವನ ಹೆಸರು ಸಿಗುವುದು ವಿರಳ. ಕಲಬುರಗಿ ಭಾಗದ ಕೆಲವು ಕಲಾವಿದರು ಈಚಿನ ದಶಕಗಳಲ್ಲಿ ಈ ಶೈಲಿಯಲ್ಲಿ ಮತ್ತೆ ಬರೆಯತೊಡಗಿರುವುದು ಸಮಾಧಾನದ ಸಂಗತಿ. ಆದರೆ ಹಳೆಯ ಚಿತ್ರಗಳನ್ನು ಒಟ್ಟಿಗೆ ಕಾಣದೆ ಹೊಸಬರು ಕಲಿಯುವುದು ಕಷ್ಟ. ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ, ಒಳ್ಳೆಯ ಛಾಯಾಚಿತ್ರಗಳು, ಮನೆಗಳಲ್ಲಿ ಉಳಿದಿರಬಹುದಾದವುಗಳ ರಕ್ಷಣೆ, ಇವು ದೊಡ್ಡ ಖರ್ಚಿನ ಕೆಲಸಗಳಲ್ಲ.

2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಈ ಭಾಗಕ್ಕೆ ತನ್ನದೇ ಗುರುತು ಬೇಕು ಎಂಬ ಮಾತು ಸಹಜವಾಗಿಯೇ ಕೇಳಿಬರುತ್ತದೆ. ಶಹಾಪುರದ ಮಲಗಿದ ಬುದ್ಧ ತನ್ನನ್ನು ತಾನೇ ಕಾಪಾಡಿಕೊಳ್ಳಬಲ್ಲ, ಅವನದು ಕಲ್ಲಿನ ಮೈ. ಸುರಪುರದ ಚಿತ್ರದಲ್ಲಿ ಕೈಮುಗಿದು ನಿಂತವನದು ಕಾಗದದ ಮೈ, ಕೂದಲೆಳೆಯಷ್ಟು ಬಂಗಾರ. ಅವನು ಕಾಯುತ್ತಿರುವುದು ಒಂದು ದೀಪದ ಬೆಳಕಿಗೆ.